ಒಟಿಪಿ ಬಂತಾ?

ಕ್ರೆಡಿಟ್ ಕಾರ್ಡಿನ ಲಿಮಿಟ್ ಮುಗಿದಿತ್ತು. ಹೆಚ್ಚಿಸಿ ಎಂದು ಅವಳು ಬ್ಯಾಂಕಿಗೆ ಫೋನ್ ಮಾಡಿದಳು.

"ಒಟಿಪಿ ಕಳಿಸಿದೀವಿ ಮೇಡಂ. ಫೋನಲ್ಲೇ ಒತ್ತಿ."

"ಒಟಿಪಿ ಬಂತಾ?" ಅವಳು ಕೋಣೆಯ ಕಡೆ ತಿರುಗಿ ಕೇಳಿದಳು.

ಒಳಗಿನಿಂದಲೇ ಗಂಡ ಆರು ಅಂಕಿ ಓದಿದ. ಅವಳು ಒತ್ತಿದಳು.

"ಲಿಮಿಟ್ ಜಾಸ್ತಿ ಆಯ್ತು ಮೇಡಂ. ಕಾರ್ಡ್ ನಿಮ್ದು, ಒಟಿಪಿ ಮಾತ್ರ ಸರ್ ನಂಬರಿಗೆ ಹೋಗ್ತಿದೆ. ನಿಮ್ಮ ನಂಬರಿಗೇ ಬರೋ ಹಾಗೆ ಮಾಡ್ಲಾ?"

"ಬೇಡ."

"ಪ್ರತಿ ಸಲ ಅವರನ್ನ ಕೇಳ್ಬೇಕಾಗುತ್ತಲ್ಲ ಮೇಡಂ?"

"ಹೂಂ, ಕೇಳ್ಬೇಕು."

ಅವಳು ಫೋನಿಟ್ಟಳು. ಅಟ್ಟದಲ್ಲಿ, ಮಂಚದ ಕೆಳಗೆ, ಸೋಫಾದ ಹಿಂದೆ, ಎಲ್ಲೆಲ್ಲೂ ಬಿಚ್ಚದ ಪಾರ್ಸೆಲ್‌ಗಳು. ಅವಳು ಇನ್ನೊಂದು ಫ್ಲಾಸ್ಕ್ ಆರ್ಡರ್ ಮಾಡಿ, ಕೋಣೆಯ ಕಡೆ ತಿರುಗಿ, ಅವನೊಡನೆ ಉಳಿದಿದ್ದ ಒಂದೇ ಮಾತನ್ನು ಮತ್ತೆ ಆಡಿದಳು:

"ಒಟಿಪಿ ಬಂತಾ?"