ಕಲ್ಲಿನ ಲಾರಿ

ಕಡಲ್ಕೊರೆತದ ಅರ್ಜಿ ಹಿಡಿದು ಕಲ್ಯಾಣಿ ಮೆಂಡನ್ ಜಿಲ್ಲಾ ಪಂಚಾಯತ್ ಸಭೆಗೆ ಬಂದದ್ದು ಇದು ಏಳನೇ ವರ್ಷ. ಈ ಮಳೆಗಾಲ ಕಡಲು ಅವಳ ತೆಂಗಿನ ಮರಗಳನ್ನು ಮುಗಿಸಿ ಬಾವಿಕಟ್ಟೆಯನ್ನೂ ಎಳೆದುಕೊಂಡಿತ್ತು. ಅಲ್ಲಿಂದ ಮನೆಯ ಮೆಟ್ಟಿಲಿಗೆ ಹತ್ತೇ ಹೆಜ್ಜೆ.

"ವರ್ಷ ವರ್ಷ ಬಂದು ಫೋಟೋ ಹಿಡೀತೀರಿ," ಎಂದಳು. "ನನ್ನ ಮನೆಯ ಫೋಟೋ ನನ್ನ ಹತ್ರವೇ ಇಲ್ಲ, ನಿಮ್ಮ ಫೈಲಲ್ಲಿ ಏಳು ಉಂಟು. ತಡೆಗೋಡೆಗೆ ಕಲ್ಲು ಯಾವಾಗ ಹಾಕುದು?"

"ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ," ಎಂದರು ಅಧ್ಯಕ್ಷರು.

"ಕೂತು ಕೂತು ಕಡಲು ಅಡುಗೆಮನೆಗೆ ಬಂತು. ಇವತ್ತು ನಾನು ಕೂತುಕೊಳ್ಳುದಿಲ್ಲ."

ಸದಸ್ಯರು ಒಂದು ಗಂಟೆ ಜಗಳಾಡಿದರು. ಒಬ್ಬರಿಗೆ ಕಲ್ಲು ತಮ್ಮ ಊರಿಗೇ ಬೇಕಿತ್ತು, ಇನ್ನೊಬ್ಬರಿಗೆ ಅಳಿಯನ ರೆಸಾರ್ಟಿನ ಎದುರಿಗೆ. ಕೊನೆಗೆ ಅಧ್ಯಕ್ಷರು ಮೇಜು ಕುಟ್ಟಿದರು.

"ಸಾಕು! ಕಲ್ಲು ಈ ಅಮ್ಮನ ಊರಿಗೇ. ನಲವತ್ತು ಮನೆ ಉಳೀತದೆ. ಸೋಮವಾರದಿಂದ ಕೆಲಸ ಶುರು."

ಕಲ್ಯಾಣಿ ಆಗ ಕುರ್ಚಿಯಲ್ಲಿ ಕುಸಿದು ಕುಳಿತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದ ಇಂಜಿನಿಯರ್ ಕಡೆ ತಿರುಗಿದಳು. ಏಳು ವರ್ಷದಲ್ಲಿ ಮೊದಲ ಸಲ ಅವಳ ಸ್ವರ ಮೆತ್ತಗಾಗಿತ್ತು.

"ಕಡಲಿಗೆ ಹೋಗುವ ಓಣಿ ನಮ್ಮ ಮನೆ ಎದುರು ಮುಗೀತದೆ ಸರ್. ಲಾರಿಯನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ. ಡ್ರೈವರ್‌ನವರಿಗೆ ಚಾ, ಊಟ ಎಲ್ಲ ನಾನೇ ಕೊಡ್ತೇನೆ."

ಇಂಜಿನಿಯರ್ ನಕ್ಷೆ ಬಿಡಿಸಿ, ಓಣಿಯಿಂದ ಕಡಲಿನವರೆಗೆ ನೇರವಾಗಿ ಎಳೆದಿದ್ದ ಕೆಂಪು ಗೆರೆ ತೋರಿಸಿದ.

"ಅಂಗಳದಲ್ಲಿ ನಿಂತ್ರೆ ಆಗುದಿಲ್ಲ ಅಕ್ಕ, ಲಾರಿ ನೀರಿನವರೆಗೆ ಇಳೀಬೇಕು. ಭಾನುವಾರದೊಳಗೆ ಮನೆ ಖಾಲಿ ಮಾಡಿ, ಕೆಡವ್ಲಿಕ್ಕೆ ಜೆಸಿಬಿ ಬರ್ತದೆ."