ಎಡಗೈ ಕಲಿತದ್ದು

ಅವ್ವ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈ ಸರಿಹೋಗುವವರೆಗೆ ಮಾತ್ರ ಎಂದು ಹೇಳಿ ಗಂಡ ನನ್ನನ್ನು ತವರಿಗೆ ಕಳಿಸಿದ.

ಬಂದ ದಿನವೇ ನಾನು ಸ್ನಾನ ಮಾಡಿಸುವಾಗ ಅವ್ವ ನನ್ನ ತೋಳು ನೋಡಿದಳು.

"ಇದೇನೇ ಕಪ್ಪಗೆ?"

"ಬಾಗಿಲು ತಗುಲ್ತು."

"ಬಾಗಿಲಿಗೂ ಐದು ಬೆರಳಿರ್ತವಾ?"

ನಾನು ಅವಳ ಬೆನ್ನಿಗೆ ನೀರು ಹೊಯ್ದೆ.

ಅವ್ವ ರವಿಕೆಗಳಿಗೆ ಹುಕ್ಕು ಹೊಲಿದು ಬದುಕುವವಳು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ, "ಕಟ್ಟು ಬಿಚ್ಚೋವರೆಗೂ ಎಡಗೈಲಿ ಹೊಲೀರಮ್ಮ. ಒಂದು ಕೈ ಕಲಿತದ್ದು ಇನ್ನೊಂದಕ್ಕೂ ಬರುತ್ತೆ" ಎಂದಿದ್ದಳು.

"ಒಬ್ಬಳು ಉಂಡ್ರೆ ಇನ್ನೊಬ್ಬಳ ಹೊಟ್ಟೆ ತುಂಬ್ತದಾ?" ಎಂದು ಅವ್ವ ನಕ್ಕಿದ್ದಳು. ಆದರೂ ದಿನವೂ ಎಡಗೈಯಲ್ಲಿ ಸೂಜಿ ಹಿಡಿದು ಕೂತಳು. ಮೊದಮೊದಲು ಕೋಳಿ ಕೆದರಿದಂತಿದ್ದ ಹೊಲಿಗೆ ತಿಂಗಳೊಳಗೆ ನೆಟ್ಟಗಾಯಿತು.

ಕಟ್ಟು ಬಿಚ್ಚಿದರು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದೇ ಇತ್ತು. ಅಡುಗೆ, ಬಟ್ಟೆ, ಎಣ್ಣೆ ತಿಕ್ಕುವುದು ಎಲ್ಲ ಮುಗಿಸುವಷ್ಟರಲ್ಲಿ ನಾನು ಸೋತು ಹೋಗುತ್ತಿದ್ದೆ. "ಬೆರಳು ಮಡಚಕ್ಕೆ ಬಂತಾ ಅವ್ವ?" ಎಂದು ದಿನಾ ಕೇಳುತ್ತಿದ್ದೆ. ಇಲ್ಲ ಎಂದಾಗ ಆಗುತ್ತಿದ್ದ ಸಮಾಧಾನಕ್ಕೆ ನನಗೇ ನಾಚಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಗಂಡ ಬಂದ.

"ಕಟ್ಟು ಬಿಚ್ಚಿ ತಿಂಗಳಾಯ್ತಲ್ಲ ಅತ್ತೆ. ಎಲ್ಲಿ, ಈ ಲೋಟ ಹಿಡೀರಿ ನೋಡೋಣ."

ಲೋಟ ಅವ್ವನ ಬಲಗೈಯಿಂದ ಜಾರಿ ನೀರೆಲ್ಲ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

"ಏನ್ ಮಾಡ್ಲಿ ಅಳಿಯಂದ್ರೇ, ಹಾಳು ಕೈ! ಇನ್ನೂ ವರ್ಷವಾದ್ರೂ ಬೇಕಂತೆ."

ಅವನು ಗೊಣಗುತ್ತ ಹೋದ. ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು.

ಅವ್ವ ಎಡಗೈಗೆ ಸೂಜಿ ತೆಗೆದುಕೊಂಡು, ಬಲಗೈಯಿಂದ ಒಂದೇ ಸಲಕ್ಕೆ ದಾರ ಪೋಣಿಸಿದಳು.