ತಿರುವಿನಲ್ಲಿಟ್ಟ ಸೊಪ್ಪು

"ಪೆಟ್ರೋಲ್ ಖಾಲಿನಾ ಅಕ್ಕ? ಜಯಪುರದಿಂದ ಒಂದು ಲೀಟರ್ ತಂದ್ಕೊಡ್ಲಾ?" ಎಂದು ಪಿಕಪ್‌ನವನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಾಗ, ರೇಖಾಳ ಕೈ ಪಕ್ಕದ ಸೀಟನ್ನು ಮತ್ತೊಮ್ಮೆ ತಡವಿತು. ಪರ್ಸ್ ಕೆರೆಕಟ್ಟೆಯ ಮನೆಯಲ್ಲೇ ಉಳಿದಿತ್ತು. ಫೋನಿನಲ್ಲಿ ದುಡ್ಡು ಕಳಿಸೋಣವೆಂದರೆ ಈ ಕಾಡಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಗುರುತಿಲ್ಲದ ಗಂಡಸಿನೆದುರು ದುಡ್ಡಿಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಬೇಡ ಮಾರಾಯ್ರೆ, ನಮ್ಮನೆಯವ್ರು ತರ್ತಾರೆ. ಬಸ್ಸಿನವ್ರ ಹತ್ರ ಶೃಂಗೇರಿಗೆ ಹೇಳಿ ಕಳ್ಸಿದೀನಿ," ಅಂದಳು.

ಅವನಿಗೆ ಸಮಾಧಾನವಾಯಿತು. ಇಳಿದು, ಕಾರಿನ ಹಿಂದೆ ಅವಳು ಮುರಿದು ಹಾಕಿದ್ದ ಸೊಪ್ಪನ್ನು ನೋಡಿದ. ಗಾಡಿ ಕೆಟ್ಟು ನಿಂತಿದೆ, ಪಕ್ಕದಿಂದ ಹೋಗಿ ಎಂದು ಈ ರಸ್ತೆಗಳಲ್ಲಿ ಎಲ್ಲರೂ ಇಡುವ ಗುರುತು ಅದು. "ಇಷ್ಟು ಹತ್ರ ಇಟ್ರೆ ಎಂತ ಕಾಣ್ತದೆ?" ಎಂದು ಗೊಣಗಿ ಅದನ್ನೆತ್ತಿಕೊಂಡು ಶೃಂಗೇರಿ ಕಡೆಯ ತಿರುವಿನವರೆಗೆ ನಡೆದ. ಹಾರದಂತೆ ಮೇಲೊಂದು ಕಲ್ಲು ಹೇರಿದ. "ಈಗ ನಿಮ್ಮನೆಯವ್ರಿಗೆ ದೂರದಿಂದ್ಲೇ ಕಾಣ್ತದೆ ನೋಡಿ," ಎಂದು ನಗುತ್ತಾ ಹೊರಟುಹೋದ.

ಅವಳ ಗಂಡ ಸುಂದರೇಶ ತೀರಿಕೊಂಡು ವರ್ಷವಾಗಿ, ವರ್ಷಾಂತಿಕವೂ ಮೊನ್ನೆಯಷ್ಟೇ ಮುಗಿದಿತ್ತು. ಶೃಂಗೇರಿಯಿಂದ ಒಂದು ಜೀಪು ಬಂತು. ಸೊಪ್ಪು ಕಂಡದ್ದೇ ಪಕ್ಕಕ್ಕೆ ಸರಿದು, ನಿಲ್ಲದೆ ಹೋಯಿತು. ಅದನ್ನು ತೆಗೆದರೆ ಯಾರಾದರೂ ನಿಂತಾರು ಎಂದು ರೇಖಾ ತಿರುವಿನವರೆಗೆ ನಡೆದಳು. ಬಗ್ಗಿ ಕಲ್ಲಿಗೆ ಕೈ ಹಚ್ಚಿದಳು. ಆಮೇಲೆ, ಗಾಳಿಗೆ ಜಾರಿದ್ದ ಒಂದು ಟೊಂಗೆಯನ್ನು ಕಲ್ಲಿನಡಿ ಮತ್ತೆ ಸರಿಯಾಗಿ ಸೇರಿಸಿಟ್ಟು, ಶೃಂಗೇರಿಯ ದಾರಿಯನ್ನೇ ನೋಡುತ್ತಾ ಅಲ್ಲೇ ಕೂತಳು.